ಮನೆಯ ಆರಾಧನೆಯಲ್ಲಿ ಪ್ರಸಂಗ ಎಷ್ಟು, ಹಾಡು ಎಷ್ಟು?

ಹಾಸನದ ಸೊಸೆ

ಎಲ್ಲರಿಗೂ ವಂದನೆಗಳು. ಅತ್ತೆಗೆ ಸೊಂಟದ ಆಪರೇಷನ್ ಆದ ಮೇಲೆ ಚರ್ಚಿನ ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಅಯ್ಯನವರು (ನಮ್ಮ ಪಾದ್ರಿ) ತಿಂಗಳಿಗೊಮ್ಮೆ ಮನೆಗೆ ಬಂದು ಕರ್ತನ ಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ಕೊಟ್ಟು ಹೋಗುತ್ತಾರೆ. ಮಿಕ್ಕ ಭಾನುವಾರ ಸಂಜೆ ನಾವೇ ಮನೆಯಲ್ಲಿ ಕೂರುತ್ತೇವೆ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು.

ತೊಂದರೆ ಏನೆಂದರೆ, ನಮ್ಮವರು ಫೋನಿನಲ್ಲಿ ಒಂದು ಪ್ರಸಂಗ (ಚರ್ಚಿನ ಬೋಧನೆ) ಹಾಕಿಬಿಡುತ್ತಾರೆ. ಮುಕ್ಕಾಲು ಗಂಟೆ! ದೊಡ್ಡವನು ನೀರು ಕುಡಿಯಲು ಎದ್ದು ಹೋದವನು ವಾಪಸ್ ಬರುವುದಿಲ್ಲ. ಚಿಕ್ಕವಳು ನನ್ನ ತೊಡೆಯ ಮೇಲೆ ನಿದ್ದೆ. ಅತ್ತೆಗೆ ಕಿವಿ ಮಂದ, ಆ ಜೋರು ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಹಾಡಿನದು ಇನ್ನೊಂದು ಕಥೆ. ಸಂಗೀತ ಪುಸ್ತಕ (ಸಭೆಯ ಹಾಡುಗಳದು) ಇದೆ, ಆದರೆ ನನಗೆ ಬರುವ ರಾಗ ಬೆರಳೆಣಿಕೆ. ಹಾರ್ಮೋನಿಯಂ ಇಲ್ಲ. ಶುರು ಮಾಡಿದ ಶ್ರುತಿ ಮೂರನೇ ಸಾಲಿಗೆ ಎಟುಕುವುದಿಲ್ಲ.

ನೀವೆಲ್ಲ ಮನೆಯಲ್ಲಿ ಹೇಗೆ ಮಾಡುತ್ತೀರಿ? ಪ್ರಸಂಗ ಯಾರು ಮಾಡಬೇಕು? ಮಾಡಲೇಬೇಕಾ?

ನಿವೃತ್ತ ಸಭಾಪಾಲಕ, ಧಾರವಾಡ

ತಂಗಿ, ಮೊದಲು ಆ ಫೋನಿನ ಪ್ರಸಂಗ ಆರಿಸಿ. ಪ್ರಸಂಗ ಕೆಟ್ಟದ್ದು ಅಂತ ಅಲ್ಲ. ಅದು ದೊಡ್ಡ ಸಭೆಗೆ ಹೇಳಿದ ಮಾತು. ಐದು ಜನರ ಕೋಣೆಗೆ ಆ ಅಳತೆ ಹೊಂದುವುದಿಲ್ಲ.

ಮನೆಗೆ ಬೇರೆ ಅಳತೆ ಬೇಕು ಅನ್ನುವುದು ಇವತ್ತಿನ ಯೋಚನೆಯಲ್ಲ. ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ 1530ರ ದಶಕದ ಮೊದಲ ವರ್ಷಗಳಲ್ಲಿ ಕಾಯಿಲೆಯಿಂದ ಚರ್ಚಿನಲ್ಲಿ ಪ್ರಸಂಗ ಮಾಡಲಾಗದ ಭಾನುವಾರಗಳಲ್ಲಿ ವಿಟೆನ್‌ಬರ್ಗಿನ ತಮ್ಮ ಮನೆಯಲ್ಲೇ ಹೆಂಡತಿ, ಮಕ್ಕಳು, ಆಳುಕಾಳುಗಳು, ಊಟಕ್ಕಿದ್ದ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಆ ದಿನದ ಸುವಾರ್ತೆ, ಅಂದರೆ ಯೇಸುವಿನ ಕಥೆಯ ಪಾಠ, ವಿವರಿಸುತ್ತಿದ್ದರು. ಕೇಳಿದವರು ಬರೆದುಕೊಂಡರು. 1544ರಲ್ಲಿ ಅದು ಪುಸ್ತಕವಾಗಿ ಬಂತು. ಮುಂದೆ ಹಳ್ಳಿಹಳ್ಳಿಯ ಮನೆಗಳಲ್ಲಿ ಯಜಮಾನ ಅದನ್ನು ಗಟ್ಟಿಯಾಗಿ ಓದುವುದು ರೂಢಿಯಾಯಿತು. 1529ರ ಅವರ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲೂ ಅಷ್ಟೆ. ಪ್ರತಿ ಭಾಗದ ಮೇಲೆ, ಮನೆಯ ಹಿರಿಯ ಇದನ್ನು ಮನೆಮಂದಿಗೆ ಸರಳವಾಗಿ ಕಲಿಸಬೇಕು ಅನ್ನುವ ಅರ್ಥದ ಮಾತಿದೆ.

ನಮ್ಮ ಕಡೆಗೂ ಈ ರೂಢಿ ಬಂದದ್ದು ಅದೇ ದಾರಿಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಮಿಷನರಿ ಸಂಸ್ಥೆಯಲ್ಲಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗಿನವರು ಬಹಳ ಇದ್ದರು. ಮಂಗಳೂರ ಸಮಾಚಾರ ಪತ್ರಿಕೆ ತಂದ ಮೋಗ್ಲಿಂಗ್ ಕೂಡ ಆ ಸೀಮೆಯವರೇ. ಅಲ್ಲಿ ಸಂಜೆ ಯಾರದೋ ಮನೆಯಲ್ಲಿ ಕೂತು ಸತ್ಯವೇದ (ಬೈಬಲ್) ಓದಿ ಹಾಡುವ ಪದ್ಧತಿ ಎಷ್ಟು ಬಲವಾಗಿತ್ತೆಂದರೆ, 1743ರಲ್ಲಿ ಸರ್ಕಾರವೇ ಆದೇಶ ಹೊರಡಿಸಿ ಷರತ್ತಿನ ಮೇಲೆ ಒಪ್ಪಿಗೆ ಕೊಡಬೇಕಾಯಿತು. ಪಾದ್ರಿಗಳಿಲ್ಲದೆ ಜನ ಕೂತು ಓದುವುದು ಆಗಲೂ ಕೆಲವರಿಗೆ ಹೆದರಿಕೆಯ ವಿಷಯ.

ಈಗ ನಿಮ್ಮ ಮನೆಗೆ ಬರೋಣ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಲ್ಮನಾಕ್, ಅಂದರೆ ಸಭೆಯ ಪಂಚಾಂಗ, ನೋಡಿದರೆ ಆ ಭಾನುವಾರದ ಪಾಠಗಳು ಇರುತ್ತವೆ. ಎಲ್ಲವನ್ನೂ ಓದಲು ಹೋಗಬೇಡಿ. ಸುವಾರ್ತೆಯ ಪಾಠ ಒಂದೇ ಸಾಕು. ಅದನ್ನು ಎರಡು ಸಲ ಓದಿ. ಒಮ್ಮೆ ದೊಡ್ಡವರು, ಒಮ್ಮೆ ಮಕ್ಕಳು. ಆಮೇಲೆ ಒಬ್ಬೊಬ್ಬರೂ ತಮ್ಮ ಕಣ್ಣಿಗೆ ಬಿದ್ದ ಒಂದು ವಿಷಯ ಹೇಳಬೇಕು. ಅರ್ಥ ಹೇಳಬೇಕಾಗಿಲ್ಲ. ಕಣ್ಣಿಗೆ ಬಿದ್ದದ್ದು ಅಷ್ಟೆ.

ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದ ಕೊನೆಯ ಭಾಗ ತೆಗೆದುಕೊಳ್ಳಿ, ದೋಣಿಯಲ್ಲಿ ಹೋಗುವಾಗ ಎದ್ದ ಬಿರುಗಾಳಿಯನ್ನು ಯೇಸು ನಿಲ್ಲಿಸಿದ್ದು. ಈ ಕಥೆ ಮತ್ತಾಯ, ಲೂಕದಲ್ಲೂ ಇದೆ. ಆದರೆ ಯೇಸು ತಲೆದಿಂಬಿನ ಮೇಲೆ ಮಲಗಿದ್ದ ಅನ್ನುವ ಮಾತು ಮಾರ್ಕನಲ್ಲಿ ಮಾತ್ರ ಇದೆ. ಮಕ್ಕಳು ಅದನ್ನು ಹಿಡಿಯದೆ ಬಿಡುವುದಿಲ್ಲ. ದೋಣಿಯಲ್ಲಿ ದಿಂಬು ಎಲ್ಲಿಂದ ಬಂತು? ಯಾರು ಕೊಟ್ಟರು? ಇನ್ನೊಂದು ಸಾಲು ದೊಡ್ಡವರೂ ದಾಟಿ ಹೋಗುತ್ತಾರೆ: ಜೊತೆಯಲ್ಲಿ ಬೇರೆ ದೋಣಿಗಳೂ ಇದ್ದವು. ಆ ದೋಣಿಗಳಲ್ಲಿ ಯೇಸು ಇರಲಿಲ್ಲ. ಗಾಳಿ ನಿಂತದ್ದು ಅವರಿಗೂ ಸೇರಿಯೇ ತಾನೇ? ಇಷ್ಟು ಮಾತಾದರೆ ಪ್ರಸಂಗ ಆಯಿತು. ಹತ್ತು ನಿಮಿಷ ಮೀರಬಾರದು.

ಬಿಜಾಪುರ ಬ್ರದರ್

ಅಯ್ಯನವರ ಮಾತಿಗೆ ಗೌರವ ಇದೆ. ಆದರೆ ಪೂರ್ತಿ ಒಪ್ಪಲಾರೆ. ಎಲ್ಲರೂ ಕಣ್ಣಿಗೆ ಬಿದ್ದದ್ದು ಹೇಳುತ್ತಾ ಹೋದರೆ ಬೋಧನೆ ಎಲ್ಲಿ ಬಂತು? ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕದ 8ನೇ ಅಧ್ಯಾಯ ನೋಡಿ. ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿದ್ದಾನೆ. ಫಿಲಿಪ್ಪ ಬಂದು, ಓದುತ್ತಿರುವುದು ತಿಳಿಯಿತಾ ಅಂತ ಕೇಳುತ್ತಾನೆ. ಯಾರೂ ಹೇಳಿಕೊಡದೆ ಹೇಗೆ ತಿಳಿಯಬೇಕು ಅನ್ನುತ್ತಾನೆ ಅವನು. ಓದು ಬಂದ ಮಾತ್ರಕ್ಕೆ ಅರ್ಥ ಬರುವುದಿಲ್ಲ ಬ್ರದರ್.

ಇನ್ನೊಂದು. ನಮ್ಮ ತಾಯಿ ಮಲಗಿದ ಹಾಸಿಗೆಯಲ್ಲೇ ಇದ್ದರು. ಹಗಲೆಲ್ಲ ಒಬ್ಬರೇ. ಅವರಿಗೆ ರೆಕಾರ್ಡ್ ಆದ ಪ್ರಸಂಗವೇ ಜೊತೆ. ಒಂದು ಮುಗಿದರೆ ಇನ್ನೊಂದು ಹಾಕು ಅನ್ನುತ್ತಿದ್ದರು. ಫೋನನ್ನು ಅಷ್ಟು ಹಗುರ ಮಾಡಬೇಡಿ.

ನಿವೃತ್ತ ಸಭಾಪಾಲಕ, ಧಾರವಾಡ

@ಬಿಜಾಪುರ ಬ್ರದರ್, ತಾಯಿಯವರ ವಿಷಯದಲ್ಲಿ ನಿಮ್ಮ ಮಾತು ಸರಿ. ಒಬ್ಬರೇ ಇರುವವರಿಗೆ ಆ ದನಿ ಬೇಕು. ನಾನು ಹೇಳಿದ್ದು ಐದು ಜನ ಸೇರುವ ಹೊತ್ತಿನ ಬಗ್ಗೆ.

ಬೋಧನೆಯ ಬಗ್ಗೆ ಅದೇ ಪುಸ್ತಕದ 18ನೇ ಅಧ್ಯಾಯವನ್ನೂ ನೋಡಿ. ಅಪೊಲ್ಲೋಸ ದೊಡ್ಡ ಮಾತುಗಾರ, ಶಾಸ್ತ್ರ ಬಲ್ಲವನು. ಅವನಿಗೆ ತಿಳಿಯದೆ ಉಳಿದದ್ದನ್ನು ಹೇಳಿಕೊಟ್ಟವರು ಪ್ರಿಸ್ಕಿಲ್ಲ ಮತ್ತು ಅಕ್ವಿಲ. ಡೇರೆ ಹೊಲಿಯುವ ಗಂಡ ಹೆಂಡತಿ. ಸಭೆಯಲ್ಲಿ ಎಲ್ಲರೆದುರು ತಿದ್ದಲಿಲ್ಲ. ಪಕ್ಕಕ್ಕೆ ಕರೆದುಕೊಂಡು ಹೋಗಿ ವಿವರಿಸಿದರು.

ತಿಳಿಯದ ಪ್ರಶ್ನೆ ಬಂದರೆ ಒಂದು ಚೀಟಿಯಲ್ಲಿ ಬರೆದಿಡಿ. ಅಯ್ಯನವರು ಬಂದಾಗ ಕೇಳಿ. ಅವರಿಗೂ ಖುಷಿಯಾಗುತ್ತದೆ. ಮನೆಭೇಟಿಗೆ ಹೋದಾಗ ಜನ ನಮ್ಮನ್ನು ಶುಗರ್ ಎಷ್ಟಿದೆ ಅಂತ ಕೇಳುತ್ತಾರೆಯೇ ಹೊರತು ಸತ್ಯವೇದದ ಪ್ರಶ್ನೆ ಕೇಳುವುದು ತೀರಾ ಕಮ್ಮಿ.

ಜಪಸರ ಮನೆ

ನಾವು ಕಥೋಲಿಕರು, ಮಂಗಳೂರು ಕಡೆಯವರು. ಈ ಚರ್ಚೆ ಓದಿ ಸ್ವಲ್ಪ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಸಂಜೆ ಪ್ರಸಂಗ ಯಾರೂ ಮಾಡಿದ್ದಿಲ್ಲ. ತೇರ್ಸ್ (ಜಪಸರ, ಅಂದರೆ ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆ) ಹೇಳುತ್ತೇವೆ, ಲದಿನ್ (ಒಬ್ಬರು ಹೇಳಿ ಉಳಿದವರು ಉತ್ತರಿಸುವ ಪ್ರಾರ್ಥನೆ) ಹೇಳುತ್ತೇವೆ, ಒಂದು ಕೊಂಕಣಿ ಗೀತೆ, ಮುಗಿದ ಮೇಲೆ ಚಿಕ್ಕವರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ (ಆಶೀರ್ವಾದ) ಕೇಳಬೇಕು. ಅಜ್ಜಿಯ ಬೆಸಾಂವ್ ಸಿಗದೆ ಊಟವಿಲ್ಲ.

ಸುಮ್ನೆ ಬಾಯಿಪಾಠ ಅಂತ ಹೇಳುವವರಿದ್ದಾರೆ. ಆದರೆ ಜಪಸರದ ಒಂದೊಂದು ರಹಸ್ಯವೂ ಒಂದೊಂದು ದೃಶ್ಯ. ಹೆಚ್ಚಿನವು ಸುವಾರ್ತೆಯಿಂದಲೇ ಬಂದವು. ಮರಿಯಮ್ಮ ಎಲಿಜಬೇತಳ ಮನೆಗೆ ಹೋದದ್ದು, ಗೆತ್ಸೆಮನೆ ತೋಟ, ಕಾನಾ ಊರಿನ ಮದುವೆ. 15 ಇದ್ದವು. 2002ರಲ್ಲಿ ಎರಡನೇ ಜಾನ್ ಪೌಲ್ ಪೋಪರು ಬೆಳಕಿನ ಐದು ರಹಸ್ಯ ಸೇರಿಸಿದರು, 20 ಆದವು. ಹತ್ತು ಸಲ ನಮೋ ಮರಿಯ ಹೇಳುವ ತನಕ ಮನಸ್ಸು ಆ ದೃಶ್ಯದಲ್ಲಿ ಕೂರಬೇಕು. ಕೂರದ ದಿನವೂ ಉಂಟು, ಅದು ಬೇರೆ.

ಕಿವಿ ಮಂದವಾದ ಅತ್ತೆಗೆ ಇದರಲ್ಲೊಂದು ಲಾಭ ಇದೆ. ಮಾತು ಕೇಳಿಸದಿದ್ದರೂ ಎಲ್ಲಿದ್ದೇವೆ ಅಂತ ಅವರಿಗೆ ಗೊತ್ತಿರುತ್ತದೆ. ನಿಮ್ಮಲ್ಲಿ ಜಪಸರ ಇಲ್ಲ ಸರಿ. ಕರ್ತನ ಪ್ರಾರ್ಥನೆ ಇದೆಯಲ್ಲ, 23ನೇ ಕೀರ್ತನೆ ಇದೆಯಲ್ಲ. "ಯೆಹೋವನು ನನಗೆ ಕುರುಬನು" ಅಂತ ಶುರು ಮಾಡಿ ನೋಡಿ, ಅತ್ತೆಯೇ ಕೊನೆಯ ತನಕ ಹೇಳಿ ಮುಗಿಸುತ್ತಾರೆ.

ತಪಸ್ಸುಕಾಲದಲ್ಲಿ (ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ) ನಮ್ಮಲ್ಲಿ ಹಾಡುವ ಒಂದು ಹಳೆಯ ಹಾಡಿದೆ, ರಿಗ್ಲೊ ಜೆಜು ಮೊಳ್ಯಾಂತ್ (ಯೇಸು ತೋಟ ಹೊಕ್ಕ). ಟಿಪ್ಪು ಕಾಲದ ಜೋಕಿಂ ಮಿರಾಂಡ ಎಂಬ ಪಾದ್ರಿಗಳು ಬರೆದದ್ದು. ಫರಂಗಿಪೇಟೆಯ ಮೋಂತೆ ಮರಿಯಾನೊ ಚರ್ಚಿನಲ್ಲಿದ್ದವರು. ಮನೆಯಲ್ಲಿ ಅದನ್ನು ತುಂಬ ನಿಧಾನ ಹಾಡುತ್ತಾರೆ. ಅಡುಗೆ ಮನೆಯಲ್ಲಿ ಕುಕ್ಕರ್ ಕೂಗಿದರೂ ಯಾರೂ ಏಳುವುದಿಲ್ಲ.

ಕಾಯರ್ ಬಾಸ್

ಹಾಡಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಹೇಳುತ್ತೇನೆ.

ಮೊದಲು ಶ್ರುತಿ. ಪುಸ್ತಕದ ರಾಗಗಳು ಆರ್ಗನ್ ಮತ್ತು ಕಾಯರ್‌ಗೆ ಇಟ್ಟ ಎತ್ತರದಲ್ಲಿರುತ್ತವೆ. ಮನೆಯಲ್ಲಿ ಆ ಎತ್ತರ ಬೇಡ. ಹಾಡು ಶುರು ಮಾಡುವ ಮೊದಲು ಅದರ ಅತಿ ಮೇಲಿನ ಸ್ವರ ಎಲ್ಲಿದೆ ನೋಡಿ, ಅದನ್ನೇ ಮೊದಲು ಹಾಡಿ. ಅತ್ತೆಯ ಗಂಟಲಿಗೆ ಅದು ಸಲೀಸಾದರೆ ಅಲ್ಲಿಂದ ಇಳಿದು ಮೊದಲ ಸ್ವರ ಹಿಡಿಯಿರಿ. ಎಲ್ಲರಿಗೂ ಗೊತ್ತಿರುವ ವಾಟ್ ಎ ಫ್ರೆಂಡ್ ಎಂಬ ಇಂಗ್ಲಿಷ್ ಹಾಡಿನ ರಾಗ ತಗೊಳ್ಳಿ. ಅದರಲ್ಲಿ ಮೇಲಿನ ಸ್ವರ ಮೂರನೇ ಅಕ್ಷರಕ್ಕೇ ಬಂದುಬಿಡುತ್ತದೆ. ಅಲ್ಲಿ ಕಿರುಚಿದ ಹಾಗಾದರೆ ತಕ್ಷಣ ನಿಲ್ಲಿಸಿ ಕೆಳಗಿಳಿಸಿ. ಆದರೆ ಮೇಲಿನ ಸ್ವರ ಮೂರನೇ ಸಾಲಿನಲ್ಲಿ ಅಡಗಿರುವ ರಾಗಗಳೂ ಇವೆ. ಹಾಸನದ ಅಕ್ಕನಿಗೆ ಕೈಕೊಡುತ್ತಿರುವುದು ಅಂಥವೇ. ಫೋನು ಬೇಕಿದ್ದರೆ ತಂಬೂರಿ ಆ್ಯಪ್‌ಗೆ ಬಳಸಿ. ಶ್ರುತಿ ಜಾರುವುದಿಲ್ಲ.

ಎರಡನೆಯದು ರಾಗ ಗೊತ್ತಿಲ್ಲದ ಹಾಡು. ಹಾಡಿನ ತಲೆಯ ಮೇಲೆ 8.7.8.7 ಅಥವಾ 8.6.8.6 ಅಂತ ಅಂಕಿ ಇದ್ದರೆ ಅದು ಸಾಲಿಗೆ ಎಷ್ಟು ಅಕ್ಷರ ಅನ್ನುವ ಲೆಕ್ಕ. ಒಂದೇ ಅಂಕಿಯ ಹಾಡುಗಳ ರಾಗವನ್ನು ಅದಲುಬದಲು ಮಾಡಬಹುದು. ಅಮೇಜಿಂಗ್ ಗ್ರೇಸ್ ರಾಗ ಬಂದರೆ 8.6.8.6 ಇರುವ ಹಾಡುಗಳಿಗೆ ಹಾಕಿ ನೋಡಿ. ವಾಟ್ ಎ ಫ್ರೆಂಡ್ ಸಾಹಿತ್ಯವನ್ನು ಬೀಥೋವನ್‌ನ ಜಾಯ್ ರಾಗದಲ್ಲಿ ಹಾಡಿದರೂ ಕೂರುತ್ತದೆ, ಎರಡೂ 8.7.8.7ರ ಜೋಡಿ. ಬೇಕಾದರೆ ಈಗಲೇ ಗುನುಗಿ ನೋಡಿ, ತಮಾಷೆಯಾಗಿದೆ.

ಆದರೆ ಅಂಕಿ ಹೊಂದಿದ ಮಾತ್ರಕ್ಕೆ ಹಾಡು ಕೂರುತ್ತದೆ ಅಂತಲ್ಲ. ಅಮೇಜಿಂಗ್ ಗ್ರೇಸ್ ತರಹದ ರಾಗ ಹಗುರ ಸ್ವರದಿಂದ ಶುರುವಾಗಿ ಎರಡನೆಯದರ ಮೇಲೆ ಭಾರ ಬಿಡುತ್ತದೆ. ಕನ್ನಡದಲ್ಲಿ ನಾವು ಮಾತಿನ ಮೊದಲ ಅಕ್ಷರಕ್ಕೇ ಭಾರ ಹಾಕುವವರು. ಅದಕ್ಕೇ ಕೆಲವು ಸಾಲು ಹಾಡುವಾಗ ಮಾತು ಕುಂಟಿದ ಹಾಗೆ ಕೇಳುತ್ತದೆ. ಹ್ರಸ್ವ ಅಕ್ಷರವನ್ನು ಎರಡು ತಾಳ ಎಳೆದರಂತೂ ಕೇಳುವುದೇ ಬೇಡ. ಅಂಥ ಹಾಡು ಬಿಟ್ಟು ನಮ್ಮ ತಾಳದಲ್ಲೇ ಹುಟ್ಟಿದ ಭಜನೆಗಳನ್ನು ಹಾಡಿ. ಪಲ್ಲವಿ ಎಲ್ಲರೂ, ಚರಣ ಒಬ್ಬರು. ಚಪ್ಪಾಳೆ ಸಾಕು. ಮಕ್ಕಳಿಗೆ ಒಂದು ಜೋಡಿ ತಾಳ ಕೈಗೆ ಕೊಡಿ, ಎದ್ದು ಹೋಗುವುದಿಲ್ಲ.

ಮಿಷನರಿಗಳಿಗೂ ಇದು ಹೊಳೆದಿತ್ತು. ನಿಘಂಟಿನ ಕಿಟೆಲ್ ಅವರು 1862ರಲ್ಲಿ ಕಥಾಮಾಲೆ ತಂದಾಗ ಯೇಸುವಿನ ಕಥೆಯನ್ನು ಜರ್ಮನ್ ರಾಗಕ್ಕೆ ಹೊಲಿಯಲಿಲ್ಲ, ಇಲ್ಲಿನ ಛಂದಸ್ಸಿನಲ್ಲೇ ಬರೆದರು. ನಮ್ಮ ಎಷ್ಟು ಸಭೆಗಳಲ್ಲಿ ಅದರ ಹೆಸರು ಗೊತ್ತು ಹೇಳಿ!

ಮೂರನೆಯದು. ವಾರಕ್ಕೊಂದು ಹೊಸ ಹಾಡು ಬೇಡವೇ ಬೇಡ. ತಿಂಗಳಿಗೆ ಒಂದು. ಎರಡು ಚರಣ ಸಾಕು. ನಾಲ್ಕನೇ ವಾರಕ್ಕೆ ಪುಸ್ತಕ ಮುಚ್ಚಿ ಹಾಡುತ್ತೀರಿ.

ಬಿಜಾಪುರ ಬ್ರದರ್

ತಂಬೂರಿ ಆ್ಯಪ್‌ಗೆ ಫೋನ್ ಓಕೆ, ಪ್ರಸಂಗಕ್ಕೆ ಬೇಡ. ಒಳ್ಳೆಯ ನ್ಯಾಯ 😀

ಮಸ್ಕತ್ ಮಂಗಳೂರಿಗ

ಇಲ್ಲಿ ನಮಗೆ ರಜೆ ಶುಕ್ರವಾರ, ಶನಿವಾರ. ಚರ್ಚಿಗೂ ಬಹಳ ಜನ ಶುಕ್ರವಾರವೇ ಹೋಗುತ್ತೇವೆ. ಭಾನುವಾರ ಆಫೀಸ್ ಮುಗಿಸಿ ಬಂದು ಊರಲ್ಲಿರುವ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿ ಪ್ರಾರ್ಥನೆ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಮುಂದೆ, ಹಾಗಾಗಿ ಬೇಗ ಕೂರಬೇಕು. ಅಮ್ಮ ಒಂಬತ್ತಕ್ಕೆ ಮಲಗುವವರು.

ವಿಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಹಾಡಲು ಆಗುವುದೇ ಇಲ್ಲ. ಇದನ್ನು 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಕಲಿತಿರಬೇಕು. ನಾನು ಒಂದನೇ ಸಾಲು ಮುಗಿಸುವಾಗ ಅಮ್ಮನ ದನಿ ಅರ್ಧ ಸಾಲು ಹಿಂದೆ ಬರುತ್ತದೆ. ಆಕೆ ನನಗೆ ಕಾಯುತ್ತಾರೆ, ನಾನು ಆಕೆಗೆ ಕಾಯುತ್ತೇನೆ, ಹಾಡು ನಿಂತೇ ಹೋಗುತ್ತದೆ. ಈಗ ಒಂದು ಕಡೆಯವರು ಹಾಡುವುದು, ಇನ್ನೊಂದು ಕಡೆಯವರು ಮ್ಯೂಟ್ ಮಾಡಿಕೊಂಡು ಜೊತೆಗೆ ಹಾಡುವುದು. ಚರಣ ಬದಲಾದಾಗ ಸರದಿ ಬದಲು. ನಾವು ಬಾಸೆಲ್ ಮಿಷನ್ ಕಡೆಯವರು, ಅಮ್ಮನ ಸರದಿಯಲ್ಲಿ ತುಳು ಗೀತವೇ ಬರುತ್ತದೆ. ಅವರು ಪ್ರಾರ್ಥಿಸುವುದೂ ತುಳುವಿನಲ್ಲೇ. ಸತ್ಯವೇದ ಮಾತ್ರ ಕನ್ನಡ. ತುಳು ಹೊಸ ಒಡಂಬಡಿಕೆ 1847ರಲ್ಲೇ ಮಂಗಳೂರಲ್ಲಿ ಅಚ್ಚಾಗಿದೆ, ಆದರೂ ಓದುವುದಕ್ಕೆ ಕನ್ನಡವೇ ರೂಢಿ.

ಕಾಯರ್ ಬಾಸ್ ಹೇಳಿದ ವಾಟ್ ಎ ಫ್ರೆಂಡ್ ಬರೆದದ್ದೂ ದೂರದ ಊರಿನಲ್ಲಿದ್ದ ಒಬ್ಬ ಮಗನೇ. ಜೋಸೆಫ್ ಸ್ಕ್ರಿವನ್ ಐರ್ಲೆಂಡಿನವರು. ಕೆನಡಾಕ್ಕೆ ಹೋಗಿದ್ದರು. 1855ರಲ್ಲಿ ಊರಲ್ಲಿದ್ದ ತಾಯಿಯ ಸಮಾಧಾನಕ್ಕೆ ಅಂತ ಬರೆದು ಕಳಿಸಿದ್ದು. ಅಚ್ಚು ಹಾಕಿಸಬೇಕು ಅಂತ ಬರೆದದ್ದಲ್ಲ. ಈಗ ಹಾಡುವ ರಾಗ ಸೇರಿದ್ದು 1868ರಲ್ಲಿ. ನನ್ನ ಸರದಿ ಬಂದಾಗ ನಾನು ಬೇಕೆಂದೇ ಅದನ್ನು ಎತ್ತಿಕೊಳ್ಳುತ್ತೇನೆ.

ನಿವೃತ್ತ ಸಭಾಪಾಲಕ, ಧಾರವಾಡ

ಮನೆಗೆ ಅಂತ ಬರೆದು ಸಭೆಗೆ ಹೋದ ಹಾಡು ಇನ್ನೊಂದಿದೆ. ನುನ್ ಡಾಂಕೆಟ್ ಅನ್ನುವ ಜರ್ಮನ್ ಕೃತಜ್ಞತೆಯ ಹಾಡು. ಇವತ್ತು ಸುಗ್ಗಿ ಹಬ್ಬಕ್ಕೆ, ಮದುವೆಗೆ, ದೊಡ್ಡ ಸಮಾರಂಭಗಳಿಗೆ ಆರ್ಗನ್ ಗುಡುಗಿಸಿ ಹಾಡುತ್ತಾರೆ. ಬರೆದವರು ಮಾರ್ಟಿನ್ ರಿಂಕಾರ್ಟ್, ಐಲೆನ್‌ಬರ್ಗಿನ ಪಾದ್ರಿ. ಅದು ಅವರ ಮನೆಯ ಊಟದ ಪ್ರಾರ್ಥನೆ. 1636ರ ಪುಸ್ತಕದಲ್ಲಿ ಅದರ ತಲೆಬರಹವೇ ಊಟದ ಮೇಜಿನ ಚಿಕ್ಕ ಪ್ರಾರ್ಥನೆ ಅಂತ.

ಕಾಲ ಎಂಥದ್ದು ನೋಡಿ. ಮೂವತ್ತು ವರ್ಷಗಳ ಯುದ್ಧದ ನಡುವೆ. ಊರ ತುಂಬ ನಿರಾಶ್ರಿತರು. 1637ರಲ್ಲಿ ಪ್ಲೇಗ್ ಬಂತು. ಉಳಿದ ಪಾದ್ರಿಗಳು ಸತ್ತರು ಅಥವಾ ಊರು ಬಿಟ್ಟರು. ರಿಂಕಾರ್ಟ್ ಒಬ್ಬರೇ ಸಾವಿರಾರು ಹೆಣಗಳ ಸಂಸ್ಕಾರ ಮಾಡಿದರು. ಆ ವರ್ಷ ತೀರಿಕೊಂಡವರಲ್ಲಿ ಅವರ ಹೆಂಡತಿಯೂ ಒಬ್ಬರು. ಹಾಡು ಅದಕ್ಕಿಂತ ಮೊದಲಿನದು, ನಿಜ. ಆದರೆ ಆ ಮನೆಯ ಮಕ್ಕಳು ತಾಯಿ ಹೋದ ಮೇಲೂ ಊಟಕ್ಕೆ ಕೂತಾಗ ಅದನ್ನೇ ಹೇಳಿರಬೇಕಲ್ಲ ಅಂತ ನನಗೆ ಅನ್ನಿಸುತ್ತದೆ. ಪ್ರಸಂಗ ಮಾಡುವಾಗ ಈ ಹಾಡಿನ ಕಥೆ ಹೇಳುತ್ತಿದ್ದೆ. ಹೇಳಿದಾಗೆಲ್ಲ ಆಮೇಲಿನ ನನ್ನ ಪ್ರಸಂಗ ಯಾರೂ ಕೇಳುತ್ತಿರಲಿಲ್ಲ, ಕಥೆಯಲ್ಲೇ ಇರುತ್ತಿದ್ದರು.

ಯಲಹಂಕ ಅಮ್ಮ

ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಸಂಗೀತ ಪುಸ್ತಕ ಕೈಗೆ ಕೊಟ್ಟರೆ ಚಿತ್ರ ನೋಡಿದ ಹಾಗೆ ನೋಡುತ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುವುದು ಸರಿಯಾ?

ಕಾಯರ್ ಬಾಸ್

ಕೊಡಿ. ಹಾಡು ಮೊದಲು ಬಾಯಿಗೆ ಬರಲಿ. ಇಲ್ಲದಿದ್ದರೆ ನೀವು ಒಂದೊಂದು ಸಾಲು ಹೇಳಿ, ಅವರು ತಿರುಗಿ ಹಾಡಲಿ. ಪುಸ್ತಕ ಇಲ್ಲದ ಕಾಲದಲ್ಲಿ ಸಭೆಗಳೇ ಹೀಗೆ ಕಲಿತವು.

ಜಪಸರ ಮನೆ

@ಯಲಹಂಕ ಅಮ್ಮ, ಓದು ಬಾರದ ಮಕ್ಕಳಿಗೆ ಕೈಗೆ ಕೆಲಸ ಕೊಡಿ. ನಮ್ಮಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮರಿಯಮ್ಮನ ಹುಟ್ಟುಹಬ್ಬದ) ದಿನ ಚರ್ಚಿನಿಂದ ಆಶೀರ್ವಾದ ಮಾಡಿದ ಭತ್ತದ ತೆನೆ ಮನೆಗೆ ತರುತ್ತೇವೆ. ಪೀಠದ ಮುಂದಿಟ್ಟು ಪ್ರಾರ್ಥನೆ. ಆಮೇಲೆ ಮಕ್ಕಳು ಕೂತು ಒಂದೊಂದೇ ಕಾಳು ಸುಲಿಯಬೇಕು. ಉಗುರಿನಲ್ಲಿ ಹೊಟ್ಟು ಬಿಡಿಸುವುದು ಅಷ್ಟು ಸುಲಭ ಇಲ್ಲ, ಹಸಿ ಕಾಳು ಒತ್ತಿದರೆ ಹಾಲು ಬಂದುಬಿಡುತ್ತದೆ. ಆ ಕಾಳನ್ನು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆ ದಿನ ಊಟಕ್ಕೆ ಮೀನು ಮಾಂಸ ಇಲ್ಲ. ಇದನ್ನು ಯಾರೂ ಓದಿ ಕಲಿತದ್ದಲ್ಲ. ನನ್ನ ಮಗ ಪ್ರಾರ್ಥನೆ ಮರೆತರೂ ಕಾಳು ಸುಲಿಯುವುದು ಮರೆಯುವುದಿಲ್ಲ.

ಹಾಸನದ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮಾರ್ಕ 4 ಓದಿದೆವು. ಅಯ್ಯನವರು ಹೇಳಿದ್ದು ನಿಜ, ದಿಂಬು ಬಂದ ತಕ್ಷಣ ಚಿಕ್ಕವಳು ಎದ್ದು ಕೂತಳು. ದಿಂಬು ಒದ್ದೆಯಾಗಲಿಲ್ವಾ ಅಂತ ಕೇಳಿದಳು. ದೊಡ್ಡವನು, ಶಿಷ್ಯರಲ್ಲಿ ನಾಲ್ಕು ಜನ ಮೀನುಗಾರರಲ್ವಾ, ಅವರೇ ಹೆದರಿದರೆ ಗಾಳಿ ಎಷ್ಟು ಜೋರಿರಬೇಕು ಅಂದ. ಇದು ನನಗೆ ಹೊಳೆದಿರಲಿಲ್ಲ. ನಮ್ಮವರು ಏನೂ ಹೇಳಲಿಲ್ಲ, ಆದರೆ ಫೋನು ಮುಟ್ಟಲಿಲ್ಲ.

ಅತ್ತೆಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. 23ನೇ ಕೀರ್ತನೆಯನ್ನು ಮಾತ್ರ ನಮಗಿಂತ ಮುಂದೆ ಓಡಿ ಮುಗಿಸಿದರು. ಆಮೇಲೆ ತಾವೇ ಒಂದು ಹಾಡು ಎತ್ತಿದರು. ಅದು ನಮ್ಮ ಪುಸ್ತಕದಲ್ಲಿ ಇದೆ, ಆದರೆ ಅವರು ಹಾಡುವ ರಾಗ ಚರ್ಚಿನಲ್ಲಿ ಹಾಡುವುದಲ್ಲ. ಅವರ ತವರು ಕೊಳ್ಳೇಗಾಲದ ಕಡೆ. ಅಲ್ಲಿ ಹಾಗೆ ಹಾಡುತ್ತಿದ್ದರಂತೆ. ಕಾಯರ್ ಬಾಸ್ ಅಣ್ಣ, ಯಾವ ರಾಗ ಕಲಿಯಲಿ? ಪುಸ್ತಕದಲ್ಲಿ ಹಾಡಿನ ಮೇಲೆ 8.7.8.7 ಅಂತ ಇದೆ.

ಕಾಯರ್ ಬಾಸ್

ಅತ್ತೆಯದು! ಚರ್ಚಿನ ರಾಗ ಕಾಯರ್‌ನಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಮುಂದಿನ ಭಾನುವಾರ ಅವರು ಹಾಡುವಾಗ ರೆಕಾರ್ಡ್ ಮಾಡಿ, ಎಲ್ಲ ಚರಣವೂ ಹಾಡಿಸಿ. ಚರಣದಿಂದ ಚರಣಕ್ಕೆ ಸ್ವಲ್ಪ ಬದಲಾದರೆ ತಿದ್ದಬೇಡಿ. ಸಾಧ್ಯವಾದರೆ ಇಲ್ಲಿ ಹಾಕಿ, ನಾನು ಸ್ವರ ಬರೆದುಕೊಡುತ್ತೇನೆ.

ಬಿಜಾಪುರ ಬ್ರದರ್

ರೆಕಾರ್ಡಿಂಗ್‌ಗೆ ಫೋನ್ ಬೇಕಲ್ವಾ? ಸುಮ್ನೆ ಕೇಳಿದೆ.

ಮಸ್ಕತ್ ಮಂಗಳೂರಿಗ

ನಮ್ಮ ಆಫೀಸಿನಲ್ಲಿ ಕೊಳ್ಳೇಗಾಲದವರು ಒಬ್ಬರು ಇದ್ದಾರೆ. ರೆಕಾರ್ಡಿಂಗ್ ಬಂದರೆ ಅವರಿಗೆ ಕೇಳಿಸುತ್ತೇನೆ. ಹಾಡಿನ ನಂಬರ್ ಎಷ್ಟು ಹೇಳಿ ಅಕ್ಕ.